ಬರಿಹೊಟ್ಟೆಯ ರಕ್ತ

ಅಕ್ಕನ ಮೊದಲ ಎರಡು ಕೂಸುಗಳು ಸತ್ತೇ ಹುಟ್ಟಿದ್ದವು. ಎರಡೂ ವಳಕಮದಿನ್ನಿಯ ನಮ್ಮ ಮನೆಯ ಒಳಕೋಣೆಯಲ್ಲಿ, ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ಎರಡೂ ದೊಡ್ಡ ಕೂಸುಗಳು. ಮೊದಲನೆಯದನ್ನು ಕೈಯಲ್ಲಿ ಹಿಡಿದುಕೊಂಡು ಸೂಲಗಿತ್ತಿ, "ಮೂರು ತಿಂಗಳ ಕೂಸು ಇದ್ದಂಗ ಐತಲ್ಲವ್ವ" ಎಂದು ಅಳುತ್ತಲೇ ಹೇಳಿದ್ದಳು. ನಾನಾಗ ಊರಿನ ಬಾಲವಾಡಿಯಲ್ಲಿ ಕೆಲಸಕ್ಕಿದ್ದೆ. ಮಕ್ಕಳನ್ನು ತಕ್ಕಡಿಗೆ ಹಾಕಿ ತೂಗುವುದು ನನ್ನ ಕೆಲಸ. ಕಡ್ಡಿಯಂಥ ಕೈಕಾಲುಗಳನ್ನೇ ನೋಡಿ ನೋಡಿ ಬೇಸತ್ತಿದ್ದ ನನಗೆ, ಅಂಥ ಗಲ್ಲ ಅಂಥ ತೊಡೆ ಇದ್ದ ಕೂಸು ಯಾಕೆ ಉಸಿರಾಡಲಿಲ್ಲ ಎಂಬುದು ತಿಳಿಯಲೇ ಇಲ್ಲ. ಊರಿಗೆ ಮಾತ್ರ ಎಲ್ಲ ತಿಳಿದಿತ್ತು. ಮೊದಲ ಸಲ ಕಣ್ಣು ತಾಕಿತು ಎಂದರು. ಎರಡನೆಯ ಸಲ ಅಕ್ಕನ ಹಣೆಬರಹ ಎಂದರು. ಸಂತೆಕಲ್ಲೂರಿನಲ್ಲಿದ್ದ ಅವಳ ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಯಾರದಾದರೂ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾರ್ಯವಿದ್ದರೆ ಅಕ್ಕನನ್ನು ಕರೆದುಕೊಂಡು ಹೋಗುವುದನ್ನು ಬಿಟ್ಟರು.

ಮೂರನೆಯ ಸಲ ಅಕ್ಕ ಬಸುರಾದದ್ದು ತೊಂಬತ್ತರ ದಶಕ ಹತ್ತಿದ ಮೇಲೆ. ಅಷ್ಟರಲ್ಲಿ ಮಾವ, ಅಂದರೆ ಅಕ್ಕನ ಗಂಡ, ಹಟ್ಟಿಯ ಚಿನ್ನದ ಗಣಿಯಲ್ಲಿ ಬದಲಿ ಕೆಲಸಕ್ಕೆ ಸೇರಿದ್ದರು. ಇನ್ನೂ ಖಾಯಂ ಆಗಿರಲಿಲ್ಲ. ಪಾಳಿ ಸಿಕ್ಕರೆ ಗಣಿ, ಸಿಗದಿದ್ದರೆ ಸಂತೆಕಲ್ಲೂರಿಗೆ ಬಂದು ಜೋಳದ ಹೊಲ. ಮಾತು ಬಹಳ ಕಡಿಮೆ. ಅಕ್ಕನನ್ನು ತವರಿಗೆ ಬಿಡಲು ಬಂದವರು ಉಂಡು ಕೈ ತೊಳೆದುಕೊಂಡು, ಹೊರಗಿನ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಹೇಳಿದರು.

"ಅತ್ತಿ, ಈ ಸಲ ಮೊದಲ ಲಿಂಗಸುಗೂರಿಗೆ ಒಯ್ದು ತೋರಿಸ್ಕೊಂಡು ಬರ್ತೀನ್ರಿ."

"ಯಾಕ, ಏನಾಗೈತಿ ಆಕಿಗೆ?"

"ಏನೂ ಆಗಿಲ್ಲ. ಆಗಬಾರದಂತ ತೋರಿಸೋದು."

"ಆರಾಮ ಇದ್ದಾಕಿನ್ನ ದವಾಖಾನಿಗೆ ಒಯ್ದು ಏನಂತ ಹೇಳ್ತೀಯಪ್ಪ?"

ಅವ್ವ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ದವಾಖಾನೆಗೆ ಹೋಗಲು ಒಂದು ಕಾರಣ ಬೇಕು. ಜ್ವರ ಬಂದಿರಬೇಕು, ಕೈ ಮುರಿದಿರಬೇಕು, ಚೇಳು ಕಡಿದಿರಬೇಕು. ನೆಟ್ಟಗೆ ತಿರುಗಾಡುವ ಹೆಂಗಸು ತಾನಾಗಿ ಹೋಗಿ ರಕ್ತ ಕೊಟ್ಟು ಬರುವುದೆಂದರೆ ಇಲ್ಲದ ರೋಗವನ್ನು ಮನೆಗೆ ಕರೆದಂತೆ ಎಂಬುದು ಅವ್ವನ ಲೆಕ್ಕ. ಮಾವ ಎಂದಿಗಿಂತ ನಾಲ್ಕು ಮಾತು ಹೆಚ್ಚೇ ಆಡಿದರು.

"ನನಗರೆ ಏನಾಗಿತ್ರಿ? ಗಣಿಗೆ ತಗೊಳ್ಳೋ ಮೊದಲು ಎದಿ ಫೋಟೋ ತೆಗೆದ್ರು, ರಕ್ತ ತೆಗೆದ್ರು, ಕಣ್ಣಾಗ ಬ್ಯಾಟರಿ ಬಿಟ್ಟು ನೋಡಿದ್ರು. ಕೆಳಗ ಇಳಿದ ಮ್ಯಾಲೆ ಉಸಿರು ಕಟ್ಟಿದ್ರ ಅಲ್ಲಿ ಏನು ಮಾಡಾಕ ಬರತೈತಿ? ಮ್ಯಾಲಿದ್ದಾಗನ ನೋಡ್ಕೋಬೇಕು."

"ನನ್ನ ಮಗಳೇನು ಗಣಿಗೆ ಇಳಿತಾಳೇನು?" ಎಂದಳು ಅವ್ವ. ಆದರೂ ಅಳಿಯನ ಮಾತಿಗೆ ಇಲ್ಲ ಅನ್ನಲಿಲ್ಲ. ಬಾಲವಾಡಿಗೆ ರಜೆ ಹಾಕಿ ನಾನೂ ಅವರ ಜೊತೆ ಹೊರಟೆ.

ಲಿಂಗಸುಗೂರಿನ ಡಾಕ್ಟರಮ್ಮ ಸಣ್ಣ ಆಳು, ದೊಡ್ಡ ದನಿ. ಹೊರಗೆ ಕುಳಿತವರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರು. ಅಕ್ಕನ ಹೊಟ್ಟೆ ಮುಟ್ಟಿ ನೋಡಿದರು, ನಾಡಿ ನೋಡಿದರು, ಎಲ್ಲ ಸರಿ ಇದೆ ಎಂದರು. ಆಮೇಲೆ ಹಿಂದಿನ ಹೆರಿಗೆಗಳ ಬಗ್ಗೆ ಕೇಳಿದರು. ಸತ್ತು ಹುಟ್ಟಿದವು ಎಂದಾಗ, "ಎಷ್ಟು ತೂಕಿದ್ವು?" ಎಂದರು. ಮಾವ ನನ್ನ ಮುಖ ನೋಡಿದರು. ಸತ್ತ ಕೂಸನ್ನು ಯಾರು ತೂಗುತ್ತಾರೆ? ಆದರೆ ತಕ್ಕಡಿ ಹಿಡಿದು ರೂಢಿಯಾದ ಕೈ ನನ್ನದು. ಅಂದಾಜಿಗೆ ಇಷ್ಟು ಇದ್ದಾವು ಎಂದು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಅಕ್ಕನನ್ನು ಮತ್ತೊಮ್ಮೆ ನೋಡಿದರು.

"ಸಕ್ಕರಿ ನೋಡಿಸೀರೇನು, ಯಾವಾಗರೆ?"

ನಮಗೆ ಗೊತ್ತಿದ್ದ ಸಕ್ಕರೆ ಕಾಯಿಲೆ ಮುದುಕರದ್ದು. ಇಪ್ಪತ್ತೈದು ತುಂಬದ, ಗದ್ದೆಯಲ್ಲಿ ಸಸಿ ನೆಟ್ಟು ಬೆಳೆದ ಅಕ್ಕನಿಗೆ ಅದೆಲ್ಲಿಂದ ಬರಬೇಕು? ಅದನ್ನೇ ಹೇಳಿದೆ. ನನ್ನ ಬಾಯಿ ಯಾರ ಮುಂದೆಯೂ ಸುಮ್ಮನಿರುವುದಲ್ಲ.

"ಬಸುರಿದ್ದಾಗ ಬಂದು, ಹಡದ ಮ್ಯಾಲೆ ಹೋಗಿಬಿಡೋ ಸಕ್ಕರಿನೂ ಇರತೈತಿ" ಎಂದರು ಡಾಕ್ಟರಮ್ಮ. "ತಾಯಿಗೆ ಏನೂ ಆಗಂಗಿಲ್ಲ, ಆರಾಮ ಇರ್ತಾಳ. ತಾಯಿ ರಕ್ತದಾಗಿನ ಸಕ್ಕರಿ ಕೂಸಿಗೆ ಹೋಗತೈತಿ. ಕೂಸು ದಪ್ಪ ಆಗತೈತಿ, ಆದ್ರ ಒಳಗ ಗಟ್ಟಿ ಇರಂಗಿಲ್ಲ. ಕಡೀ ತಿಂಗಳಾಗ ಹೊಟ್ಟ್ಯಾಗನ ಹೋಗಿಬಿಡತೈತಿ. ಈಕಿಗೆ ಹಂಗ ಆಗೈತಿ ಅಂತ ನಾ ಹೇಳಾಕತ್ತಿಲ್ಲ. ರಕ್ತ ನೋಡಿದ್ರ ಗೊತ್ತಾಗತೈತಿ. ನೋಡದ ಗೊತ್ತಾಗಂಗಿಲ್ಲ."

ನಾವು ಅವತ್ತು ಉಂಡು ಹೋಗಿದ್ದೆವು. ಆ ಪರೀಕ್ಷೆಗೆ ಬರಿಹೊಟ್ಟೆಯ ರಕ್ತ ಬೇಕಂತೆ. ಮುಂಜಾನೆ ಏನೂ ತಿನ್ನದೆ, ಚಹಾ ಸಹ ಕುಡಿಯದೆ ಒಂದು ಸಲ ಕೊಡಬೇಕು, ಊಟವಾಗಿ ಎರಡು ತಾಸಿಗೆ ಇನ್ನೊಂದು ಸಲ ಕೊಡಬೇಕು. ತವರಿನಲ್ಲೇ ಇರುತ್ತಾಳಾದರೆ ಸಿಂಧನೂರಿನಲ್ಲೇ ಕೊಟ್ಟು, ಏನು ಬಂತೆಂದು ತಂದು ತೋರಿಸಿರಿ ಎಂದರು. ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಮಸ್ಕಿ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡು, "ಇದ್ದರ ಇರಲಿ ಬಿಡ, ಏನರೆ ಒಂದು ಅಂತ ಗೊತ್ತಾಗಲಿ" ಎಂದಳು. ಅವಳು ಹೆದರಿದ್ದಾಳೆಂದು ನನಗೆ ಆಗಲೇ ಗೊತ್ತಾಯಿತು.

ಇನ್ನು ನಮ್ಮ ಮನೆಯ ಪದ್ಧತಿ ಹೇಳಬೇಕು. ನಮ್ಮಲ್ಲಿ ಬಸುರಿ ಹೆಂಗಸು ಬರಿಹೊಟ್ಟೆಯಲ್ಲಿ ಹೊಸ್ತಿಲು ದಾಟುವಂತಿಲ್ಲ. ಎಷ್ಟೇ ಅವಸರವಿರಲಿ, ಊಟವಾಗದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಬಾಯಿಗೆ ಹಾಕಿ ಕಳಿಸಬೇಕು. ಹಸಿದ ಬಸುರಿಗೆ ದೆವ್ವದ ಗಾಳಿ ಬೆನ್ನು ಹತ್ತುತ್ತದೆ ಎಂದು ಅವ್ವನ ಅವ್ವ ಹೇಳುತ್ತಿದ್ದಳಂತೆ. ಸಿಂಧನೂರಿಗೆ ಹೊರಟ ದಿನ ನಾನು ಅವ್ವನಿಗೆ ಮೂರು ಮೂರು ಸಲ ಹೇಳಿದ್ದೆ. ಏನೂ ಕೊಡಬೇಡ, ನೀರು ಮಾತ್ರ. ಅವ್ವ ಹೂಂ ಎಂದಿದ್ದಳು. ಬಸ್ಸು ಬಂತೆಂದು ನಾನು ಓಣಿಯ ತುದಿಗೆ ಓಡಿದೆ. ಅಷ್ಟರಲ್ಲಿ ಹಿಂದೆ ಹೊಸ್ತಿಲ ಬಳಿ ಅವ್ವ ತನ್ನ ಕೆಲಸ ಮಾಡಿ ಮುಗಿಸಿದ್ದಳು.

ನನಗೆ ಅದು ಗೊತ್ತಿರಲಿಲ್ಲ. ರಕ್ತ ತೆಗೆಯುವವನು, "ಏನರೆ ತಿಂದೀರೇನ್ರಿ?" ಎಂದು ಕೇಳಿದಾಗ ಅಕ್ಕ ಇಲ್ಲ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಹೊಸ್ತಿಲ ಬೆಲ್ಲವನ್ನು ತಿಂದದ್ದೆಂದು ಅವಳು ಎಣಿಸಿಯೇ ಇರಲಿಲ್ಲ, ಕುಂಕುಮ ಹಚ್ಚಿಸಿಕೊಂಡಂತೆ ಅದೂ ಒಂದು. ಆಮೇಲೆ ಖಾನಾವಳಿಯಲ್ಲಿ ಉಂಡು, ಬಸ್ ನಿಲ್ದಾಣದ ಬೆಂಚಿನಲ್ಲಿ ಕಾದು, ಎರಡನೆಯ ಸಲವೂ ಕೊಟ್ಟು ಬಂದೆವು. ಸಂಜೆ ಮುಂದೆ ಚೀಟಿ ಕೊಡುವಾಗ ಅವನು, "ಲಗೂನ ಡಾಕ್ಟರಿಗೆ ತೋರಿಸ್ರಿ" ಎಂದ. ನಾನು ಅಲ್ಲೇ ನಿಂತು ಓದಿದೆ. ಎಷ್ಟಿರಬೇಕು ಎಂಬುದು ಪಕ್ಕದಲ್ಲೇ ಅಚ್ಚಾಗಿತ್ತು. ಅಕ್ಕನದು ಎರಡೂ ಸಲ ಬಹಳ ಮೇಲಿತ್ತು.

ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ಎದೆ ಹಿಡಿದುಕೊಂಡು ಕುಳಿತಳು. ಅಪ್ಪ ಕಾಲುವೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದವನು ತಂಬಿಗೆ ಹಿಡಿದುಕೊಂಡೇ ನಿಂತ. ಆಮೇಲೆ ಅವ್ವನ ಮುಖ ಒಮ್ಮೆಲೇ ಬೆಳಗಿತು.

"ಯವ್ವಾ, ನಾ ಬೆಲ್ಲ ಕೊಟ್ಟಿದ್ನಲ್ಲ ಬೇ. ಅದ ಬಂದೈತಿ."

"ಏನಂದಿ?" ಎಂದೆ ನಾನು.

"ಹೋಗೋ ಮುಂದ ಬಾಯಾಗ ಬೆಲ್ಲ ಹಾಕಿ ಕಳಿಸೀನಿ. ಬೆಲ್ಲ ತಿಂದ್ರ ರಕ್ತದಾಗ ಸಕ್ಕರಿ ಬರದ ಮೆಣಸಿನಕಾಯಿ ಬರತೈತೇನು?"

ಅಪ್ಪ ನಕ್ಕುಬಿಟ್ಟ. ಅಕ್ಕನೂ ನಕ್ಕಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಹಾಗಾದರೆ ಊಟವಾದ ಮೇಲಿನ ರಕ್ತದಲ್ಲೂ ಯಾಕೆ ಹೆಚ್ಚು ಬಂತು ಎಂದು ಕೇಳಿದೆ. ಅವ್ವನ ಹತ್ತಿರ ಅದಕ್ಕೂ ಉತ್ತರವಿತ್ತು. ಬೆಳಗಿನದು ಕೆಟ್ಟರೆ ಮಧ್ಯಾಹ್ನದ್ದೂ ಕೆಡುತ್ತದೆ, ಒಡೆದ ಹಾಲಿನ ಪಾತ್ರೆಯಲ್ಲಿ ಮತ್ತೆ ಹಾಲು ಹಾಕಿದಂತೆ. ಲಿಂಗಸುಗೂರಿಗೆ ಹೋಗೋಣ ಎಂದರೆ, ಬೆಲ್ಲದ ಲೆಕ್ಕವನ್ನು ತೋರಿಸಲು ಅಷ್ಟು ದೂರ ಯಾಕೆ ಎಂದಳು.

ನಾನು ಜಗಳವಾಡಿದೆ. ದಿನಾ ಆಡಿದೆ. ಅಕ್ಕಿ ಆರಿಸುತ್ತ ಆಡಿದೆ, ಬಾವಿಯ ಹತ್ತಿರ ಆಡಿದೆ. "ಏನ್ ಹುಡುಗಿಯಪ್ಪ ಇದು, ರೋಗ ಇಲ್ಲ ಅಂದ್ರ ಇಕಿಗೆ ಸಮಾಧಾನ ಇಲ್ಲ" ಎಂದು ಅವ್ವ ನೆರೆಯವರ ಮುಂದೆ ನಗೆಯಾಡಿದಳು. ನನಗೆ ಹೆಚ್ಚು ಸಿಟ್ಟು ಬಂದದ್ದು ಅಕ್ಕನ ಮೇಲೆ. ಏನಾದರೂ ಗೊತ್ತಾಗಲಿ ಎಂದವಳು ಅವಳೇ, ಈಗ ಬೆಲ್ಲದ ಕಥೆಯನ್ನು ಬಿಗಿಯಾಗಿ ಹಿಡಿದುಕೊಂಡವಳೂ ಅವಳೇ. "ಮೈಯಾಗ ಏನೂ ಇಲ್ಲ, ಆರಾಮ ಅದೀನಿ, ಕೂಸು ಒದಿಯಾಕತ್ತೈತಿ. ಸುಮ್ಮನಿರ ನೀ" ಎಂದಳು. ನಿಜವಾಗಿಯೂ ಅವಳು ಚೆನ್ನಾಗಿದ್ದಳು. ಮುಖ ತುಂಬಿಕೊಂಡಿತ್ತು, ಹೊಟ್ಟೆ ತಿಂಗಳಿಗೆ ಮೀರಿ ಬೆಳೆದಿತ್ತು. ನೋಡಿದವರೆಲ್ಲ ಈ ಸಲದ್ದು ಗಟ್ಟಿ ಕೂಸು ಎಂದರು. ಆ ಮಾತು ಕೇಳಿದಾಗೆಲ್ಲ ನನಗೆ ಹೆದರಿಕೆಯಾಗುತ್ತಿತ್ತು, ಯಾಕೆಂದರೆ ಮೊದಲ ಎರಡು ಸಲವೂ ಇದನ್ನೇ ಅಂದಿದ್ದರು.

ಒಂದು ತಿಂಗಳ ಮೇಲೆ ಮಾವ ಬಂದರು. ಕುಳಿತವರೇ ಕೇಳಿದ್ದು, ಡಾಕ್ಟರಮ್ಮ ಏನಂದರು ಎಂದು. ಅವ್ವ ನಗುನಗುತ್ತ ಬೆಲ್ಲದ ಕಥೆಯನ್ನೆಲ್ಲ ಹೇಳಿದಳು. ಮಾವ ನಗಲಿಲ್ಲ.

"ಎದಿ ಫೋಟೋ ಸರಿ ಬರಲಿಲ್ಲಂದ್ರ ಮತ್ತೊಮ್ಮೆ ತೆಗಿತಾರ್ರಿ ಅತ್ತಿ. ಸರಿ ಬಂದಿಲ್ಲ, ಅದಕ್ಕ ನಿನ್ನ ಎದಿ ಚೆಂದ ಐತಿ ಹೋಗಪ್ಪ ಅನ್ನಂಗಿಲ್ಲ" ಎಂದರು. "ಬೆಲ್ಲದಿಂದ ಕೆಟ್ಟಿದ್ರ, ಬೆಲ್ಲ ಇಲ್ಲದ ಇನ್ನೊಮ್ಮೆ ನೋಡೋಣು. ಅಷ್ಟ."

ನಾನು ತಿಂಗಳಿಡೀ ಒದರಿದ್ದೂ ಅದನ್ನೇ. ಆದರೆ ಮಗಳು ಹೇಳಿದರೆ ಅದು ವಟಗುಟ್ಟಿದಂತೆ, ಅಳಿಯ ಹೇಳಿದರೆ ಮಾತು. ಅವ್ವ ಸೆರಗು ಸರಿಮಾಡಿಕೊಂಡು, "ಹಂಗಂದ್ರ ನಾನೂ ಬರ್ತೀನಿ" ಎಂದಳು. ಬೆಲ್ಲದಿಂದಲೇ ಹಾಗಾಗಿದ್ದು ಎಂದು ಎಲ್ಲರ ಎದುರು ತೋರಿಸಿಕೊಡುವ ಹಟ ಅವಳದು.

ಮಾವ ಪಾಳಿಗೆ ಮರಳಿದ್ದರಿಂದ ಈ ಸಲ ನಾವು ಮೂವರೇ ನೇರ ಲಿಂಗಸುಗೂರಿಗೆ ಹೊರಟೆವು. ಬೆಳಕು ಹರಿಯುತ್ತಿದ್ದಂತೆ ಅಕ್ಕ ಹೊಸ್ತಿಲ ಬಳಿ ಬಂದಳು. ಅವ್ವನ ಕೈಯಲ್ಲಿ ಬೆಲ್ಲದ ಚೂರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಬಾಯಿಗೆ ಬ್ಯಾಡ, ಉಡಿಗೆ ಹಾಕು" ಎಂದ. ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅಕ್ಕನ ಸೆರಗಿನ ಚುಂಗಿಗೆ ಆ ಬೆಲ್ಲವನ್ನು ಗಂಟು ಹಾಕಿ ಕಟ್ಟಿ, ಮೈಮೇಲೆ ಕೈ ಆಡಿಸಿ, ಬಲಗಾಲು ಮುಂದಿಟ್ಟು ಹೊರಡಿಸಿದಳು.

ಸಿಂಧನೂರಿನಲ್ಲಿ ಬಸ್ಸು ಬದಲಿಸಿದೆವು. ಮಸ್ಕಿಗೆ ಬರುವಷ್ಟರಲ್ಲಿ ಅಕ್ಕನ ಮುಖ ಬಾಡಿತ್ತು. ನಿಲ್ದಾಣದಲ್ಲಿ ಬಿಸಿ ಮಿರ್ಚಿಯ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಎದುರಿನ ಸೀಟಿನಲ್ಲಿದ್ದ ಒಬ್ಬ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. ಚೀಲದಿಂದ ಬಾಳೆಹಣ್ಣು ತೆಗೆದು ಅಕ್ಕನ ಮುಂದೆ ಹಿಡಿದಳು.

"ತಗೋ ಮಗಳ, ಎರಡು ಜೀವದಾಕಿ ಹಸಗೊಂಡು ಕುಂತೀಯಲ್ಲ."

"ಬ್ಯಾಡ್ರಿ ಯವ್ವಾ" ಎಂದಳು ಅವ್ವ.

"ನಿನಗ ಕೊಡಾಕತ್ತಿಲ್ಲ ನಾ. ಬಸುರಿ ಹೆಣ್ಣುಮಗಳಿಗೆ ಕೊಡಾಕತ್ತೀನಿ."

"ಆಕಿಗ ಬ್ಯಾಡ. ಏನೂ ತಿನ್ನಂಗಿಲ್ಲ ಆಕಿ."

ಮುದುಕಿ ಹಣ್ಣು ಹಿಡಿದುಕೊಂಡೇ ಅವ್ವನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಈಕಿ ಅತ್ತಿಯೇನು?"

"ಹಡದಾಕಿ."

"ಹಡದಾಕಿ ಆಗಿ ಹಿಂಗ ಮಾಡ್ತಿಯೇನು?"

ಅಷ್ಟರಲ್ಲಿ ಸುತ್ತಲಿನ ನಾಲ್ಕಾರು ಹೆಂಗಸರು ತಿರುಗಿದ್ದರು. ಎಂಥ ತಾಯಿಯವ್ವ ಇಕಿ ಎಂದು ಒಬ್ಬಳು, ಕಲಿಗಾಲ ಎಂದು ಇನ್ನೊಬ್ಬಳು. ನಾನು ಎದ್ದು ನಿಂತು ರಕ್ತ ಪರೀಕ್ಷೆಯ ವಿಷಯ ಹೇಳಲು ಹೋದೆ. ಅದು ಇನ್ನೂ ಕೆಟ್ಟಿತು. ಹಸಿದವಳ ರಕ್ತ ಬೇರೆ ತೆಗೆಸುತ್ತಾರಂತೆ ಎಂದು ಬಸ್ಸಿನ ಹಿಂದಿನವರೆಗೂ ಸುದ್ದಿ ಹೋಯಿತು. ಬೇರೆ ದಿನವಾಗಿದ್ದರೆ ಆ ಮುದುಕಿಯ ಜಾಗದಲ್ಲಿ ಕುಳಿತು ಅದೇ ಮಾತನ್ನು ಆಡುತ್ತಿದ್ದವಳು ನಮ್ಮವ್ವನೇ. ಅಕ್ಕನ ಮಡಿಲ ಮೇಲೆ ಕೈಯಿಟ್ಟು, ಯಾರೂ ಏನೂ ಹಾಕದಂತೆ ಕಾಯುತ್ತ, ಲಿಂಗಸುಗೂರಿನವರೆಗೆ ನೆಲ ನೋಡಿಕೊಂಡು ಕುಳಿತಿದ್ದಳು. ನನಗೆ ಅವತ್ತು ಅವಳ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು.

ಡಾಕ್ಟರಮ್ಮ ತಮ್ಮಲ್ಲೇ ರಕ್ತ ತೆಗೆಸಿದರು. ಆಮೇಲೆ ಅವ್ವ ಸೆರಗಿನ ಗಂಟು ಬಿಚ್ಚಿ ಬೆಲ್ಲವನ್ನು ಅಕ್ಕನ ಕೈಗಿಡಲು ಹೋದಳು. ನಾನು ತಡೆದು, ಕಟ್ಟಿಕೊಂಡು ಹೋಗಿದ್ದ ಬುತ್ತಿ ಬಿಚ್ಚಿದೆ. ಎರಡು ತಾಸಿಗೆ ಮತ್ತೆ ತೆಗೆದರು. ಫಲಿತಾಂಶ ಬರುವವರೆಗೆ ಅವ್ವ ಗೋಡೆಗೆ ಒರಗಿ ಕುಳಿತು, ಬರುವವರಿಗೆಲ್ಲ ಹೋದ ಸಲದ ಬೆಲ್ಲದ ಕಥೆ ಹೇಳುತ್ತಿದ್ದಳು. ಒಳಗೆ ಕರೆದರು. ಬರಿಹೊಟ್ಟೆಯ ರಕ್ತದಲ್ಲೂ ಸಕ್ಕರೆ ಮೇಲೇ ಇತ್ತು. ಸಿಂಧನೂರಿನ ಚೀಟಿಗಿಂತ ತುಸು ಹೆಚ್ಚೇ ಇತ್ತು.

ಅವ್ವ ಡಾಕ್ಟರಮ್ಮನ ಮೇಜು ಹಿಡಿದುಕೊಂಡಳು. "ಬೆಲ್ಲ ಕೊಟ್ಟಿಲ್ರಿ ಅಮ್ಮಾರ. ಇವತ್ತ ಖರೇನ ಏನೂ ಕೊಟ್ಟಿಲ್ರಿ."

"ಗೊತ್ತೈತವ್ವ. ಹೋದ ಸಲದ್ದೂ ನಿನ್ನ ಬೆಲ್ಲ ಅಲ್ಲ. ಒಂದು ಚೂರು ಬೆಲ್ಲಕ್ಕ ಇಷ್ಟು ಏರಂಗಿಲ್ಲ."

ಒಳ್ಳೆಯ ಮಾತೆಂದು ಅವರು ಹೇಳಿದ್ದು. ಆದರೆ ಅವ್ವ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ತನ್ನ ಬೆಲ್ಲದಿಂದಲೇ ಆಗಿದ್ದರೆ ಕೊಡದೆ ಇದ್ದರೆ ಮುಗಿಯುತ್ತಿತ್ತು. ಅದು ತನ್ನ ತಪ್ಪಾಗಿರಲಿ ಎಂದು ಅವಳು ಒಂದು ತಿಂಗಳು ಬೇಡಿಕೊಂಡಿದ್ದಳು. ಅಕ್ಕ ಅಳಲಿಲ್ಲ. "ಇನ್ನ ಏನು ಮಾಡಬೇಕ್ರಿ?" ಎಂದು ಕೇಳಿದಳು.

ಮಾಡಬೇಕಾದ್ದು ಬಹಳವಿತ್ತು. ಕಾಲುವೆ ನೀರು ಬಂದ ಮೇಲೆ ನಮ್ಮ ಮನೆಯಲ್ಲಿ ಮೂರು ಹೊತ್ತೂ ಅನ್ನ. ಬಂಗಾರದಂಥ ಸೋನಾಮಸೂರಿ ಬೆಳೆದು ಅದನ್ನು ಬಿಟ್ಟು ಜೋಳ ತಿನ್ನುವುದೆಂದರೆ ಹಿಂದಿನ ಬಡತನಕ್ಕೆ ಮರಳಿದಂತೆ ಎಂದು ಅಪ್ಪನಿಗೆ ಅನಿಸುತ್ತಿತ್ತು. ಡಾಕ್ಟರಮ್ಮ ಅನ್ನ ಕಡಿಮೆ ಮಾಡಿ, ರೊಟ್ಟಿ, ಕಾಳು, ಪುಂಡಿಪಲ್ಯೆ, ಸ್ವಲ್ಪ ಸ್ವಲ್ಪ ಹಲವು ಸಲ ತಿನ್ನಿ ಎಂದರು. ಸಂತೆಕಲ್ಲೂರಿನಿಂದ ಅಕ್ಕನ ಅತ್ತೆ ಬಿಳಿಜೋಳದ ಚೀಲ ಕಳಿಸಿದರು. ನೀರಾವರಿಯವರಿಗೆ ಕಡೆಗೂ ನಮ್ಮ ಜೋಳವೇ ಬೇಕಾಯಿತಲ್ಲ ಎಂದು ಹೇಳಿ ಕಳಿಸಿದ್ದರಂತೆ. ಅದರಲ್ಲಿ ಚುಚ್ಚುಮಾತು ಎಷ್ಟು, ಪ್ರೀತಿ ಎಷ್ಟು ಎಂದು ಅವ್ವ ಅಳೆಯುತ್ತ ಕೂರಲಿಲ್ಲ, ಹಿಟ್ಟು ಬೀಸಿಸಿದಳು.

ಊಟದಿಂದಷ್ಟೇ ಇಳಿಯಲಿಲ್ಲ. ಇನ್ಸುಲಿನ್ ಹಚ್ಚಿದರು. ಸೂಜಿ ಹಾಕುವುದನ್ನು ಡಾಕ್ಟರಮ್ಮ ನನಗೆ ಕಲಿಸಿದರು, ಮೊದಲು ಬದನೆಕಾಯಿಗೆ, ಆಮೇಲೆ ಅಕ್ಕನಿಗೆ. ಬದನೆಕಾಯಿಗೆ ಸರಾಗವಾಗಿ ಹಾಕಿದವಳು ಅಕ್ಕನ ತೊಡೆಗೆ ಹಾಕುವಾಗ ಎರಡು ಸಲ ಸೂಜಿ ಹಿಂದಕ್ಕೆಳೆದುಕೊಂಡೆ. "ಬಾಯಿ ಅಷ್ಟು ಜೋರು, ಕೈ ನೋಡಿದ್ರ ಹಿಂಗ" ಎಂದು ಅಕ್ಕ ನಕ್ಕಳು. ಔಷಧಿ ತಂಪಿನಲ್ಲಿರಬೇಕು. ಫ್ರಿಜ್ಜು ನಮ್ಮೂರಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಹೊಸ ಗಡಿಗೆಯಲ್ಲಿ ಉಸುಕು ತುಂಬಿ, ನೀರು ಹೊಯ್ದು, ಅದರ ನಡುವೆ ಚಿಕ್ಕ ಡಬ್ಬಿಯಲ್ಲಿ ಸೀಸೆ ಇಟ್ಟೆವು. ದೇವರ ಗಡಿಗೆಗಿಂತ ಹೆಚ್ಚಿನ ಮಡಿ ಆ ಗಡಿಗೆಗೆ. ಅಪ್ಪ ಗದ್ದೆಯಿಂದ ಬಂದವನು ಮೊದಲು ಅದರ ಉಸುಕು ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದ.

ಎರಡು ವಾರಕ್ಕೊಮ್ಮೆ ಲಿಂಗಸುಗೂರು, ಎರಡು ರಕ್ತ. ಬರಬರುತ್ತ ಅವ್ವನೇ ಸಂಖ್ಯೆ ಕೇಳಿ ನೆನಪಿಟ್ಟುಕೊಳ್ಳತೊಡಗಿದಳು. ಓದಲು ಬಾರದಿದ್ದರೂ ಬರಿಹೊಟ್ಟೆಯದು ಎಷ್ಟಿದ್ದರೆ ಸರಿ, ಉಂಡ ಮೇಲಿನದು ಎಷ್ಟಿದ್ದರೆ ಸರಿ ಎಂದು ಅವಳಿಗೆ ಬಾಯಿಪಾಠವಾಯಿತು. ಕೆಳಗೆ ಬಂದ ದಿನ ಮನೆಯಲ್ಲಿ ಹಬ್ಬ, ಏರಿದ ದಿನ ಯಾರು ಏನು ತಿನ್ನಿಸಿದರು ಎಂದು ವಿಚಾರಣೆ. ಕುಬಸದ ದಿನ ಹತ್ತು ಮನೆಯವರು ಹೋಳಿಗೆ, ಕರಿಗಡುಬು, ಶೇಂಗಾದುಂಡಿ ಮಾಡಿಕೊಂಡು ಬಂದರು. ಬಸುರಿಗೆ ಹೊಟ್ಟೆ ತುಂಬ ಉಣಿಸಲೆಂದೇ ಇರುವ ಕಾರ್ಯ ಅದು. ಅವ್ವ ಅಕ್ಕನ ಪಕ್ಕ ಪೊಲೀಸರಂತೆ ನಿಂತಳು. "ಬಾಯಿಗೆ ಯಾರೂ ಹಾಕಬ್ಯಾಡ್ರಿ, ಉಡಿ ತುಂಬ್ರಿ ಸಾಕು" ಎಂದಳು. ಮಗಳಿಗೆ ಉಣ್ಣಲೂ ಬಿಡುವುದಿಲ್ಲ ಎಂದು ಮುಖ ಊದಿಸಿಕೊಂಡು ಹೋದವರಿದ್ದಾರೆ. ಆ ಸಿಹಿಯನ್ನೆಲ್ಲ ನಾನು ಮರುದಿನ ಬಾಲವಾಡಿಯ ಮಕ್ಕಳಿಗೆ ಹಂಚಿದೆ.

ದಿನ ತುಂಬುವವರೆಗೂ ಕಾಯುವುದು ಬೇಡ ಎಂದಿದ್ದರು ಡಾಕ್ಟರಮ್ಮ. ಮೊದಲಿನ ಎರಡೂ ಹೋದದ್ದು ಆ ಕೊನೆಯ ದಿನಗಳಲ್ಲೇ. ಅವರು ಹೇಳಿದ ವಾರ ಅಕ್ಕನನ್ನು 'ಅಡ್ಮಿಟ್' ಮಾಡಿದೆವು. ಮಾವ ಹಟ್ಟಿಯಿಂದ ಪಾಳಿ ಬಿಟ್ಟು ಬಂದರು. ಬಾಗಿಲ ಹೊರಗೆ ನಿಂತಾಗ ಅವರಿಗೆ ಏನು ಮಾಡಬೇಕೋ ತಿಳಿಯದೆ ಚಪ್ಪಲಿ ಬಿಡುವುದು, ಹಾಕಿಕೊಳ್ಳುವುದು ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆಪರೇಶನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಅಂಥ ದೊಡ್ಡದೇನಲ್ಲ, ನನ್ನ ತಕ್ಕಡಿಗೆ ಬಂದಿದ್ದರೆ ಸರಿಯಾಗಿದೆ ಎಂದು ಬರೆಯುತ್ತಿದ್ದೆ, ಅಷ್ಟು. ಅತ್ತಿತು. ಅದರ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಅದರ ಸಕ್ಕರೆಯನ್ನೂ ನೋಡಿದರು. ಆಗ ಇನ್ನೂ ಜೋರಾಗಿ ಅತ್ತಿತು. ಹೊರಗೆ ಮಾವ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಮರುದಿನ ಡಾಕ್ಟರಮ್ಮ ನೋಡಲು ಬಂದಾಗ ಅಕ್ಕ ಒರಗಿ ಕುಳಿತು ಕೂಸಿಗೆ ಹಾಲು ಕೊಡುತ್ತಿದ್ದಳು. ಇನ್ನು ಮೇಲೆ ಇನ್ಸುಲಿನ್ ಬೇಡ, ಆದರೆ ವರ್ಷಕ್ಕೊಮ್ಮೆ ರಕ್ತ ನೋಡಿಸಿಕೊಳ್ಳುತ್ತಿರು, ಆರಾಮ ಇದ್ದರೂ ನೋಡಿಸಿಕೋ ಎಂದು ಹೇಳಿದರು. ಅಕ್ಕ ತಲೆಯಾಡಿಸಿದಳು. ಅವರು ಹೊರಡಲು ತಿರುಗಿದಾಗ ಕರೆದಳು.

"ಅಮ್ಮಾರ, ಮೊದಲಿನ ಎರಡು ಇದ್ವಲ್ರಿ. ಆವಾಗೂ ಹಿಂಗ ರಕ್ತ ನೋಡಿಸಿದ್ರ ಉಳಿತಿದ್ವೇನ್ರಿ?"

ಅವ್ವ ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತಿದ್ದವಳು ನಿಂತಳು. ಆ ದೊಡ್ಡ ದನಿಯ ಡಾಕ್ಟರಮ್ಮ ಸಣ್ಣ ದನಿಯಲ್ಲಿ ಹೇಳಿದರು. "ಖಂಡಿತ ಅಂತ ಹ್ಯಾಂಗ ಹೇಳಲವ್ವ. ಉಳಿಬಹುದಿತ್ತು."

ಅವರು ಹೋದ ಮೇಲೆ ಅವ್ವ ಮತ್ತೆ ಬಟ್ಟೆ ಮಡಚತೊಡಗಿದಳು. ಸತ್ತು ಹುಟ್ಟಿದ ಕೂಸನ್ನು ನಮ್ಮಲ್ಲಿ ತಾಯಿಗೆ ತೋರಿಸುವುದಿಲ್ಲ. ನೋಡಿದರೆ ಮುಂದಿನದಕ್ಕೂ ಆ ನೆರಳು ಬೀಳುತ್ತದೆ ಎಂದು ಬಟ್ಟೆಯಲ್ಲಿ ಸುತ್ತಿ ಹಿಂಬಾಗಿಲಿಂದ ಒಯ್ಯುತ್ತಾರೆ. ಅಕ್ಕ ಎರಡನ್ನೂ ನೋಡಿರಲಿಲ್ಲ, ಆ ಬಗ್ಗೆ ಎಂದೂ ಕೇಳಿಯೂ ಇರಲಿಲ್ಲ. ಈಗ ನನ್ನನ್ನು ಹತ್ತಿರ ಕರೆದಳು.

"ನೀ ನೋಡೀಯಲ್ಲ. ಅವು ಏನಿದ್ವು, ಗಂಡೋ ಹೆಣ್ಣೋ?"

ನಾನು ಅವ್ವನ ಕಡೆ ನೋಡಿದೆ. ಅವ್ವ ಬೇಡ ಅನ್ನಲಿಲ್ಲ.

"ಮೊದಲನೇದು ಹೆಣ್ಣು. ಎರಡನೇದು ಗಂಡು" ಎಂದೆ.

"ಹೆಂಗಿದ್ವು?"

"ಚೆಂದಿದ್ವು. ಮೊದಲನೇದು ನಿನ್ನಂಗ ಇತ್ತು. ತಲಿ ತುಂಬ ಕೂದಲಿದ್ವು."

ಅಕ್ಕ ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಂಜೆ ಪಕ್ಕದ ಮಂಚದ ಹೆಂಗಸಿನ ಅತ್ತೆ ಇತ್ತ ಬಂದು ಕೂಸಿನ ಮುಖ ನೋಡಿ, "ಚೊಚ್ಚಲೇನವ್ವ?" ಎಂದು ಕೇಳಿದಳು. ಹಾಗೆ ಕೇಳಿದವರಿಗೆ ಹೂಂ ಅನ್ನಬೇಕೆಂದು ಅವ್ವನೇ ಅಕ್ಕನಿಗೆ ಮೊದಲೇ ಹೇಳಿಕೊಟ್ಟಿದ್ದಳು. ಅಕ್ಕ ಉತ್ತರ ಕೊಡುವ ಮೊದಲು ಅವ್ವನೇ ಬಾಯಿಬಿಟ್ಟಳು.

"ಅಲ್ರಿ. ನನ್ನ ಮಗಳಿಗೆ ಮೂರು ಮಕ್ಕಳು. ಈಕಿ ಒಬ್ಬಾಕಿ ಉಳದಾಳ."